ಚೆಂಡು ಹಿಡಿದು ನಿಂತವಳು

"ಕಟ್!" ಎಂದು ನಿರ್ದೇಶಕ ಅನಿಕೇತ್ ಹನ್ನೊಂದನೆಯ ಸಲ ಕೂಗಿದ. ಏಳು ವರ್ಷದ ಶ್ರೀಯಾ ಕಣ್ಣುಜ್ಜಿಕೊಂಡು ಅಜ್ಜಿಯ ಕಡೆ ನೋಡಿದಳು. ಅಜ್ಜಿ ಅಂಬುಜಾ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಗುವಿನ ನೀರಿನ ಬಾಟಲಿ ಹಿಡಿದು ಕೂತಿದ್ದರು. ಕೋಡಂಬಾಕ್ಕಂನ ಆ ಹಳೆಯ ಸ್ಟುಡಿಯೋದ ಮೂರು ಗೋಡೆಗೂ ಹಸಿರು ಬಟ್ಟೆ ಇಳಿಬಿಟ್ಟಿದ್ದರು. ಬೆಳಗಿನಿಂದ ಅದನ್ನೇ ನೋಡಿ ನೋಡಿ ಅವರಿಗೆ ತಲೆ ಚಿಟ್ಟು ಹಿಡಿದಿತ್ತು.

ದೃಶ್ಯ ಇಷ್ಟೇ. ಕಾಡಿನಲ್ಲಿ ದಾರಿ ತಪ್ಪಿದ ಹುಡುಗಿಯ ಎದುರು ವನದೇವತೆ ಬಂದು ನಿಲ್ಲುತ್ತಾಳೆ, ಹುಡುಗಿ ಬೆರಗಾಗಿ ನೋಡುತ್ತಾಳೆ. ಕಾಡೂ ಇಲ್ಲ, ದೇವತೆಯೂ ಇಲ್ಲ. ಎರಡನ್ನೂ ಆಮೇಲೆ ಕಂಪ್ಯೂಟರಿನಲ್ಲಿ ಮಾಡಿ ಸೇರಿಸುತ್ತಾರಂತೆ. ಸದ್ಯಕ್ಕೆ ಇದ್ದದ್ದು ಒಂದು ಉದ್ದನೆಯ ಕೋಲು, ಅದರ ತುದಿಗೆ ಸಿಕ್ಕಿಸಿದ ಹಳದಿ ಟೆನ್ನಿಸ್ ಚೆಂಡು. ಅದೇ ದೇವತೆಯ ಮುಖ! ಗ್ರಾಫಿಕ್ಸ್ ನೋಡಿಕೊಳ್ಳುವ ಹರಿಪ್ರಿಯಾ ಆ ಕೋಲು ಹಿಡಿದು ನಿಂತು ನಿಂತು ಕೈ ಸೋತಿದ್ದಳು.

"ಅದು ವೆರುಂ ಬಾಲ್ ದಾನೇ, ಅಜ್ಜಿ," ಎಂದಳು ಶ್ರೀಯಾ. ಮನೆಯಲ್ಲಿ ಆಡುವ ಕನ್ನಡವೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಸ್ಕೂಲಿನ ತಮಿಳಿನಲ್ಲಿ. ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಬರೀ ಚೆಂಡು ಎಂದು ಗೊತ್ತಿದ್ದ ಮೇಲೆ ಬೆರಗಾಗು ಎಂದರೆ ಯಾವ ಮಗು ತಾನೇ ಬೆರಗಾದೀತು!

ಅನಿಕೇತ್ ಬಂದು ಅಂಬುಜಾರ ಪಕ್ಕ ಕುಕ್ಕುರುಗಾಲಿನಲ್ಲಿ ಕೂತ. ಒಳ್ಳೆಯ ಹುಡುಗ, ಮೊದಲ ಸಿನಿಮಾ, ಮೂರು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

"ಗ್ರಾಫಿಕ್ಸ್ ಎಷ್ಟು ಬೇಕಾದ್ರೂ ಹಾಕ್ಬಹುದು ಮಾಮಿ. ಸಾವಿರ ಮಿಂಚುಹುಳ ಹಾರಿಸ್ತೀನಿ, ಬೇಕಾದ್ರೆ ಮರಾನೇ ನಡೆಸ್ತೀನಿ. ಆದ್ರೆ ಮಗು ನಂಬ್ಲಿಲ್ಲ ಅಂದ್ರೆ ಥಿಯೇಟರಲ್ಲಿ ಕೂತವರು ನಂಬ್ತಾರಾ? ಮ್ಯಾಜಿಕ್ ಇರೋದು ದೇವತೇಲಿ ಅಲ್ಲ, ಅವಳನ್ನ ನೋಡೋ ಕಣ್ಣಲ್ಲಿ." ಆಮೇಲೆ ದನಿ ತಗ್ಗಿಸಿದ. "ಊಟದೊಳಗೆ ಆಗ್ಲಿಲ್ಲ ಅಂದ್ರೆ ಬೇರೆ ಮಗುನ ಕರೆಸ್ಬೇಕಾಗತ್ತೆ. ತಪ್ಪು ತಿಳ್ಕೋಬೇಡಿ."

ತಗ್ಗಿಸಿದ ದನಿಯೂ ಶ್ರೀಯಾಳ ಕಿವಿಗೆ ಬಿತ್ತು. ಅವಳ ಕೆಳತುಟಿ ನಡುಗಿತು. ಅಳಲಿಲ್ಲ. ಅಳದೆ ನುಂಗಿಕೊಳ್ಳುವುದನ್ನು ಆ ಮಗು ನಾಲ್ಕನೆಯ ವಯಸ್ಸಿಗೇ ಕಲಿತಿತ್ತು.

ಶ್ರೀಯಾಳ ತಾಯಿ ವೃಂದಾ, ಅಂಬುಜಾರ ಒಬ್ಬಳೇ ಮಗಳು, ಕೊರೋನಾದಲ್ಲಿ ಹೋಗಿ ಮೂರು ವರ್ಷವಾಗಿತ್ತು. ಹನ್ನೆರಡು ದಿನ ಆಸ್ಪತ್ರೆಯ ಬಾಗಿಲಲ್ಲಿ ಕಾದ ಅಂಬುಜಾಗೆ ಕೊನೆಗೆ ಕಂಡದ್ದು ಜಿಪ್ ಎಳೆದ ಉದ್ದನೆಯ ಚೀಲ. "ಒಂದೇ ಒಂದು ಸಲ ಮುಖ ತೋರಿಸಿಬಿಡಿ," ಎಂದು ಕಂಡಕಂಡವರಿಗೆ ಕೈಮುಗಿದಿದ್ದರು. ರೂಲ್ಸ್ ಇಲ್ಲ ಮಾಮಿ ಎಂದರು. ಮನೆಯಲ್ಲಿ ಗೋಡೆ ತುಂಬ ಫೋಟೋ ಇವೆ. ಆದರೆ ಫೋಟೋದಲ್ಲಿರುವುದು ನಗುವ ಮುಖ, ಬದುಕಿದ್ದಾಗಿನ ಮುಖ. ಕಾಣದೇ ಹೋದ ಆ ಒಂದು ಮುಖಕ್ಕಾಗಿ ಅವರ ಜೀವ ಇವತ್ತಿಗೂ ತಹತಹಿಸುತ್ತಿತ್ತು. ಬೇರೆ ಆಸೆ ಅಂತ ಅವರಿಗೆ ಯಾವುದೂ ಉಳಿದಿರಲಿಲ್ಲ.

"ಕೋಲು ಇಲ್ಲಿ ಕೊಡಮ್ಮ, ನಾನು ಹಿಡ್ಕೋತೀನಿ," ಎಂದು ಹರಿಪ್ರಿಯಾಳ ಕೈಯಿಂದ ಕೋಲು ತೆಗೆದುಕೊಂಡರು. "ಮಗುಗೆ ನಾನಾದ್ರೆ ರೂಢಿ."

ಅನಿಕೇತ್ ನೆಲದ ಮೇಲಿನ ಗುರುತು ತೋರಿಸಿದ. ಕ್ಯಾಮೆರಾದ ಒತ್ತಿಗೇ ನಿಲ್ಲಬೇಕು. ಬೆನ್ನ ಹಿಂದೆ ಖಾಲಿ ನೆಲ, ಅದರಾಚೆ ಮುಚ್ಚಿದ ದೊಡ್ಡ ಬಾಗಿಲು. ಎರಡೂ ಲೈಟು ಮಗುವಿನ ಅಕ್ಕಪಕ್ಕ, ಉಳಿದವರೆಲ್ಲ ದೂರದ ಮಾನಿಟರ್ ಸುತ್ತ. "ಮಾಮಿ, ಕ್ಯಾಮೆರಾ ಓಡ್ತಿರುವಾಗ ಅಲ್ಲಾಡಬೇಡಿ. ಏನೇ ಸದ್ದಾದ್ರೂ ಹಿಂದಕ್ಕೆ ತಿರುಗಲೇಬೇಡಿ. ಚೆಂಡು ಒಂದಿಂಚು ಸರಿದ್ರೂ ಮಗೂ ನೋಟ ಕೆಟ್ಟುಹೋಗತ್ತೆ."

"ಆಗ್ಲಪ್ಪಾ," ಎಂದರು ಅಂಬುಜಾ. ಗುರುತಿಗೆ ಹೋಗಿ ನಿಲ್ಲುವ ಮೊದಲು ಮಗುವಿನ ಕಿವಿಯ ಹತ್ತಿರ ಬಾಗಿದರು. ಮಾಡಬಾರದ್ದನ್ನು ಮಾಡಿದ್ದು ಆಗಲೇ.

ವೃಂದಾ ಬದುಕಿದ್ದಾಗ ಮೈಲಾಪೂರಿನ ಮನೆಯಲ್ಲಿ ದಿನಾ ಸಂಜೆ ಒಂದು ಆಟ. ಆಫೀಸಿನಿಂದ ಬಂದವಳು ಚಪ್ಪಲಿ ಬಿಟ್ಟು ಸದ್ದಿಲ್ಲದೆ ಬಂದು ಅಂಬುಜಾರ ಬೆನ್ನ ಹಿಂದೆ ಅಡಗುತ್ತಿದ್ದಳು. ಅಂಬುಜಾ "ಅಮ್ಮ ಎಲ್ಲೇ?" ಎಂದು ಮಗುವನ್ನು ಕೇಳಬೇಕು. ವೃಂದಾ ಎಡಭುಜದ ಮೇಲಿನಿಂದ ಒಮ್ಮೆ, ಬಲಭುಜದ ಮೇಲಿನಿಂದ ಒಮ್ಮೆ ಇಣುಕಬೇಕು. ಮಗು ಕೇಕೆ ಹಾಕಬೇಕು. ಮೂರು ವರ್ಷದಿಂದ ಆ ಮನೆಯಲ್ಲಿ ಯಾರೂ ಅದರ ಮಾತೆತ್ತಿರಲಿಲ್ಲ.

"ಚೆಂಡು ಬೇಡ ಕಂದಾ," ಎಂದು ಪಿಸುಗುಟ್ಟಿದರು. "ನನ್ನ ನೋಡು. ಅಮ್ಮ ಎಲ್ಲೇ?"

ಹೇಳಿದ ಮರುಗಳಿಗೆಯೇ ಅಯ್ಯೋ ಅನ್ನಿಸಿತು. ಒಂದು ಸಿನಿಮಾಕ್ಕೋಸ್ಕರ ಎಂಥ ಮಾತಾಡಿಬಿಟ್ಟೆ! ಆದರೆ ಕೋಲು ಎತ್ತಿ ಹಿಡಿದು ಗುರುತಿಗೆ ಹೋಗಿ ನಿಲ್ಲುವಷ್ಟರಲ್ಲಿ ಎಲ್ಲರೂ ಸುಮ್ಮನಾಗಿದ್ದರು, ಕ್ಯಾಮೆರಾ ಓಡತೊಡಗಿತ್ತು.

ಶ್ರೀಯಾ ಮೊದಲು ಅಜ್ಜಿಯ ಮುಖ ನೋಡಿದಳು. ಆಮೇಲೆ ಅವಳ ನೋಟ ನಿಧಾನವಾಗಿ ಅಜ್ಜಿಯ ಎಡಭುಜದ ಕಡೆ ಸರಿಯಿತು. ಅಲ್ಲಿ ನಿಂತಿತು. ಕಣ್ಣು ಅರಳಿತು. ಆಟ ನೆನಪಿಸಿಕೊಂಡು ನಟಿಸುತ್ತಿದ್ದಾಳೆ, ಜಾಣೆ, ಎಂದು ಅಂಬುಜಾ ಅಂದುಕೊಂಡರು. ನೋಟ ಅಲ್ಲಿಂದ ಇಳಿದು, ಅಜ್ಜಿಯ ಬೆನ್ನ ಹಿಂದೆ ಮರೆಯಾಗಿ ಹಾದುಹೋಗುವ ಯಾರನ್ನೋ ಕಾಯುವ ಹಾಗೆ ಒಂದು ಕ್ಷಣ ತಡೆದು, ಬಲಭುಜದ ಮೇಲೆ ಬಂದು ಕೂತಿತು. ಮಗು ನಕ್ಕಿತು. ಮೂರು ವರ್ಷದಿಂದ ಅಂಬುಜಾ ನೋಡಿರದ ನಗು ಅದು.

ಮಗುವಿನ ಕಣ್ಣು ನೆಟ್ಟಿದ್ದು ಎಲ್ಲೋ ಗಾಳಿಯಲ್ಲಲ್ಲ, ಭುಜದ ಮೇಲೆ, ಅಂಬುಜಾರ ತಲೆಗಿಂತ ಒಂದು ಗೇಣು ಎತ್ತರದಲ್ಲಿ. ವೃಂದಾ ತಾಯಿಗಿಂತ ಒಂದು ಗೇಣು ಎತ್ತರ.

ತಿರುಗಬೇಕು. ಕತ್ತನ್ನು ಇಷ್ಟು ಹೊರಳಿಸಿದರೆ ಸಾಕು. ಆದರೆ ತಿರುಗಿದರೆ ಮಗುವಿನ ಆ ನಗು ಹೋಗುತ್ತದೆ, ಮತ್ತೆ ಬರುವುದಿಲ್ಲ. ತಿರುಗಿದಾಗ ಅಲ್ಲಿ ಏನೂ ಇಲ್ಲದಿದ್ದರೆ? ಇದ್ದರೆ? ಎರಡಕ್ಕೂ ಭಯವಾಯಿತು. ಅಂಬುಜಾ ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು, ನೆಟ್ಟಗೆ ಮುಂದಕ್ಕೇ ನೋಡುತ್ತ ನಿಂತರು.

ಅನಿಕೇತ್ ಕಟ್ ಹೇಳುವುದನ್ನೇ ಮರೆತಿದ್ದ. ಕೊನೆಗೆ ಹೇಳಿದ್ದೇ ತಡ ಅಂಬುಜಾ ಗಕ್ಕನೆ ತಿರುಗಿದರು. ಖಾಲಿ ನೆಲ, ಮುಚ್ಚಿದ ಬಾಗಿಲು. ಯಾರೋ ಚಪ್ಪಾಳೆ ತಟ್ಟಿದರು, ಇನ್ನೊಂದಿಬ್ಬರು ಸೇರಿಕೊಂಡರು, ಆದರೆ ಯಾಕೋ ಅದು ಬೇಗ ನಿಂತುಹೋಯಿತು.

ಓಡಿಬಂದ ಮಗುವನ್ನು ಅಪ್ಪಿಕೊಂಡು, "ಏನು ನೋಡ್ದೆ ಪುಟ್ಟಾ?" ಎಂದು ಕೇಳಿದರು.

ಶ್ರೀಯಾ ತುಟಿಯ ಮೇಲೆ ಬೆರಳಿಟ್ಟುಕೊಂಡಳು. "ಸೊಲ್ಲಕ್ಕೂಡಾದು."

ಹೇಳಬಾರದಂತೆ. ಹಾಗೆಂದು ಹೇಳಿದ್ದು ಯಾರು?

ಎಲ್ಲರೂ ಊಟಕ್ಕೆ ಹೋದ ಮೇಲೆ ಅಂಬುಜಾ ಹರಿಪ್ರಿಯಾಳ ಲ್ಯಾಪ್‌ಟಾಪಿನ ಮುಂದೆ ಬಂದು ನಿಂತರು. "ಆಗಿಂದು ಒಂದ್ಸಲ ತೋರಿಸಮ್ಮ. ಹಿಂದೆ ಏನಿತ್ತು ಅಂತ ನೋಡ್ಬೇಕು."

"ಕ್ಯಾಮೆರಾ ಮಗೂ ಮೇಲೆ ಮಾತ್ರ ಇತ್ತು ಮಾಮಿ. ನಿಮ್ಮ ಹಿಂದಿರೋದು ಇದ್ರಲ್ಲಿ ಬರಲ್ಲ." ಹಾಗೆಂದವಳು ಅವರ ಮುಖ ನೋಡಿದಳು. "ಬಂದ್ರೆ ಕಣ್ಣಲ್ಲಿ ಬರ್ಬೇಕು."

ಚಿತ್ರ ನಿಲ್ಲಿಸಿ ಮಗುವಿನ ಬಲಗಣ್ಣನ್ನು ದೊಡ್ಡದು ಮಾಡಿದಳು. ಕಪ್ಪು ಗುಡ್ಡೆಯ ಮೇಲೆ ಕೋಲು ಹಿಡಿದ ಒಂದು ಸಣ್ಣ ಆಕೃತಿ, ಕೋಲಿನ ತುದಿಗೆ ಹಳದಿ ಚುಕ್ಕೆ. ಆ ಆಕೃತಿಯ ಭುಜದ ಮೇಲಿನಿಂದ ಇನ್ನೊಂದು ಆಕೃತಿ ಹೊರಗೆ ಬಾಗಿತ್ತು.

"ಲೈಟ್ ಸ್ಟ್ಯಾಂಡ್ ಇರ್ಬೇಕು," ಎಂದಳು ಹರಿಪ್ರಿಯಾ. ಹೇಳಿ, ತಲೆಯೆತ್ತಿ ಮುಚ್ಚಿದ ಬಾಗಿಲಿನವರೆಗೂ ನೆಲವನ್ನು ನೋಡಿದಳು. ಅಲ್ಲಿ ಯಾವ ಸ್ಟ್ಯಾಂಡೂ ಇರಲಿಲ್ಲ.

"ಮುಖ ಕಾಣೋ ಹಾಗೆ ಇನ್ನೂ ದೊಡ್ಡದು ಮಾಡು."

ಮಾಡಿದಳು. ಆಕೃತಿ ಒಡೆದು ಬೂದು ಬಣ್ಣದ ಚೌಕಗಳಾಯಿತು. ಇನ್ನೂ ಮಾಡಿದಳು. ಬರೀ ಚೌಕಗಳು. ಅಂಬುಜಾ ಪರದೆಗೆ ಮೂಗು ತಾಗುವಷ್ಟು ಬಾಗಿ ಹುಡುಕಿದರು, ಸೆರಗಿನಿಂದ ಗಾಜನ್ನು ಒರೆಸಿದರು. ಈ ಸಲವೂ ಮುಖ ಸಿಗಲಿಲ್ಲ.

"ಸಾಕು ಬಿಡಮ್ಮ. ಮೊದಲಿನ ಹಾಗೇ ಮಾಡು," ಎಂದರು ಕೊನೆಗೆ. "ಇದು ಸಿನಿಮಾದಲ್ಲಿ ಹೀಗೇ ಇರತ್ತಾ?"

"ಇಲ್ಲ ಮಾಮಿ. ಕಣ್ಣೊಳಗೆ ಬಿದ್ದಿರೋದನ್ನೆಲ್ಲ ಅಳಿಸಿ ದೇವತೆ ಬೆಳಕು ಹಾಕ್ಬೇಕು. ಅದೇ ನನ್ನ ಕೆಲಸ." ಅವಳ ದನಿ ತಪ್ಪು ಮಾಡಿದವರ ದನಿಯಾಗಿತ್ತು.

ಅಂಬುಜಾ ತಿರುಗಿ ಮಗುವಿನ ಕಡೆ ನೋಡಿದರು. ಅತ್ತ ಕುರ್ಚಿಯಲ್ಲಿ ಶ್ರೀಯಾ ಕಾಲು ಆಡಿಸುತ್ತ ಮೊಸರನ್ನ ತಿನ್ನುತ್ತಿದ್ದಳು.

"ನನ್ನನ್ನ ಅಳಿಸಿಬಿಡು," ಎಂದರು. "ಅವಳನ್ನ ಮುಟ್ಟಬೇಡ ತಾಯಿ."

ಹರಿಪ್ರಿಯಾ ಚಿತ್ರ ತಿದ್ದುವ ಪೆನ್ನು ಕೈಗೆ ತೆಗೆದುಕೊಂಡಳು. ಹಳದಿ ಚುಕ್ಕೆ ಮೊದಲು ಹೋಯಿತು, ಆಮೇಲೆ ಕೋಲು, ಆಮೇಲೆ ಕೋಲು ಹಿಡಿದವಳ ಕೈ, ಭುಜ, ತಲೆ. ಮಗುವಿನ ಕಪ್ಪು ಕಣ್ಣಿನೊಳಗೆ ಉಳಿದದ್ದು, ಯಾರ ಮರೆಯೂ ಇಲ್ಲದೆ ಒಂದು ಬದಿಗೆ ಬಾಗಿ ನಿಂತ ಆ ಇನ್ನೊಂದು ಆಕೃತಿ.