ಸಂತ ನೂನೊ ಕೊಟ್ಟ ಕುರ್ಚಿ

ಆಗಸ್ಟ್ ಹನ್ನೊಂದರ ಸೋಮವಾರ, ನೈರೋಬಿಯ ಲ್ಯಾವಿಂಗ್ಟನ್ನಿನ ನಮ್ಮ ಕಾಂಪೌಂಡಿನ ಗೇಟಿನಲ್ಲಿ ಕಾವಲುಗಾರ ಮುಟಿಸೊ ಕೂರುತ್ತಿದ್ದ ಮರದ ಕುರ್ಚಿಯನ್ನು ನಿವಾಸಿಗಳ ಸಮಿತಿ ತೆಗೆದುಕೊಂಡು ಹೋಯಿತು. ಕಾವಲುಗಾರನಿಗೆ ಇಲ್ಲಿ ಅಸ್ಕಾರಿ ಎನ್ನುತ್ತಾರೆ. ಮುಟಿಸೊನ ಪಾಳಿ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ. ವಯಸ್ಸು ಐವತ್ತೆಂಟು. ಎಡಮಂಡಿ ಊದಿದೆ.

ಸಮಿತಿ ಎಂದರೆ ಅದರ ಚೇರ್ಮನ್ ಡೆಂಜಿಲ್ ಮಿನೇಜಸ್. ಮಂಗಳೂರಿನವರು, ಔಷಧಿ ಕಾರ್ಖಾನೆಯ ಮ್ಯಾನೇಜರು. ನೈರೋಬಿಗೆ ಬಂದು ಮೂರು ವರ್ಷವಾದರೂ ಅವರ ಸ್ವಾಹಿಲಿ ನಾಲ್ಕು ಶಬ್ದಕ್ಕೆ ನಿಂತಿತ್ತು: ಸವಾ, ಅಸಾಂಟೆ, ಹರಾಕಾ, ಸಿಮಾಮಾ. ಸರಿ, ಥ್ಯಾಂಕ್ಸ್, ಬೇಗ, ಎದ್ದು ನಿಲ್ಲು. ಮ್ಯಾನೇಜರಿಕೆಗೆ ಅಷ್ಟು ಸಾಕು. “ಕೂತ ಅಸ್ಕಾರಿ ಮಲಗ್ತಾನೆ, ಮಲಗಿದ ಅಸ್ಕಾರಿ ಕಳ್ಳನ ಭಾವ” ಎಂದು ವಾಟ್ಸಾಪ್ ಗುಂಪಿಗೆ ಹಾಕಿದರು. ಹದಿನೇಳು ಹೆಬ್ಬೆರಳು ಮೇಲೆದ್ದವು. ಒಂದು ನನ್ನದು.

ಕುರ್ಚಿ ನಾಟಕದ ಸಾಮಾನಿಗೆ ಸೇರಿತು. ನವೆಂಬರಿನಲ್ಲಿ ಸಂತ ನೂನೊನ ಹಬ್ಬ. ಕನ್ನಡದವರೆಲ್ಲ ಸೇರಿ ಅಂಗಳದಲ್ಲಿ ಅವನ ನಾಟಕ ಆಡುವುದೆಂದಾಗಿತ್ತು. ನೂನೊ ಆರುನೂರು ವರ್ಷದ ಹಿಂದಿನ ಪೋರ್ಚುಗಲ್ಲಿನ ಸೇನಾಪತಿ. ಸಣ್ಣ ಸೈನ್ಯ ಕಟ್ಟಿಕೊಂಡು ದೊಡ್ಡ ಸೈನ್ಯವನ್ನು ಬಡಿದವನು. ಕೊನೆಗೆ ಆಸ್ತಿಯನ್ನೆಲ್ಲ ಹಂಚಿ, ಕತ್ತಿ ಬಿಟ್ಟು ಮಠ ಸೇರಿ, ಬಡವರಿಗೆ ಗಂಜಿ ಬಡಿಸಿದವನು. ಆ ಪಾತ್ರ ಯಾರಿಗೆ ಎಂದು ಯಾರೂ ಕೇಳಲಿಲ್ಲ.

“ಪೋರ್ಚುಗೀಸರಿಗೆ ಕನ್ನಡ ಬರ್ತಿತ್ತಾ ಡೆಂಜಿಲ್ ಸರ್?” ಎಂದೆ.

“ಸಂತರಿಗೆ ಎಲ್ಲ ಭಾಷೆ ಬರ್ತದೆ ವಿಜಿ. ನೀನು ರಾಜ. ಸಿಂಹಾಸನದಲ್ಲಿ ಕೂತ್ಕೋ, ಬಾಯಿ ಮುಚ್ಕೋ.”

ಸಿಂಹಾಸನ ಎಂದರೆ ಮುಟಿಸೊನ ಕುರ್ಚಿಯ ಮೇಲೆ ಹಾಸಿದ ಕೆಂಪು ಬೆಡ್‌ಶೀಟು. ಕೂತೆ. ಸುಖವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ನಾಟಕ ಬರೆದವಳು ಫ್ಲಾವಿಯಾ ಟೀಚರ್. ನಮ್ಮಲ್ಲಿ ಸ್ವಾಹಿಲಿಯಲ್ಲಿ ಜಗಳ ಆಡಬಲ್ಲವಳು ಅವಳೊಬ್ಬಳೇ. ಕೊನೆಯ ದೃಶ್ಯದಲ್ಲಿ ನೂನೊನ ಕೈಕೆಳಗೆ ಕಾದಾಡಿದ ಮುದಿ ಸೈನಿಕನೊಬ್ಬ ಕುಂಟುತ್ತಾ ಮಠದ ಬಾಗಿಲಿಗೆ ಬರುತ್ತಾನೆ. ಅದಕ್ಕೆ ಮುಟಿಸೊನೇ ಆಗಬೇಕೆಂದು ಫ್ಲಾವಿಯಾ ಹಟ ಹಿಡಿದಳು.

ಡೆಂಜಿಲ್‌ಗೆ ಖುಷಿಯೋ ಖುಷಿ. “ಇಲ್ಲಿ ಸೈನಿಕನಿಗೂ ಅಸ್ಕಾರಿ, ವಾಚ್‌ಮನ್‌ಗೂ ಅಸ್ಕಾರಿ. ಆ್ಯಕ್ಟಿಂಗೇ ಬೇಡ! ಕುಂಟುವುದು ಸಹ ಬರ್ತದೆ ಅವನಿಗೆ.”

ಮುಖ್ಯ ಅತಿಥಿಯಾಗಿ ಬರಲಿದ್ದ ಇಲ್ಲಿನ ಚರ್ಚಿನ ಫಾದರ್‌ಗೆ ಅರ್ಥವಾಗಲೆಂದು ಸಂತನ ಕೊನೆಯ ಮಾತು ಸ್ವಾಹಿಲಿಯಲ್ಲಿತ್ತು: “ಕೇಟಿ, ಅಸ್ಕಾರಿ. ಹಿಕಿ ನಿ ಕಿಟಿ ಚಾಕೊ.” ಕೂರು ಸೈನಿಕ, ಇದು ನಿನ್ನ ಕುರ್ಚಿ. ಡೆಂಜಿಲ್ ಬಾಯಲ್ಲಿ ಅದು ಹೊರಳಲೇ ಇಲ್ಲ. ಕೇಟಿ ಎಂದರೆ ಕೂರು, ಕಿಟಿ ಎಂದರೆ ಕುರ್ಚಿ. ಇವರು “ಕಿಟಿ, ಅಸ್ಕಾರಿ” ಎಂದು ಮುದುಕನನ್ನೇ ಕುರ್ಚಿ ಮಾಡುತ್ತಿದ್ದರು. ಒಮ್ಮೆ ಕಿಟಕಿಯೂ ಆಯಿತು.

ತಿದ್ದುವ ಕೆಲಸ ಮುಟಿಸೊನಿಗೇ ಬಿತ್ತು. ತಿಂಗಳಿಡೀ ಪಾಳಿ ಮುಗಿಸಿ ಬಂದು, ನಿಂತುಕೊಂಡೇ, ಕೂರು ಎನ್ನುವುದು ಹೇಗೆಂದು ಮ್ಯಾನೇಜರಿಗೆ ಕಲಿಸಿದ.

“ಪ್ರ್ಯಾಕ್ಟೀಸಿಗಾದ್ರೂ ಅವನು ಕೂರಲಿ ಸರ್,” ಎಂದಳು ಫ್ಲಾವಿಯಾ.

“ನಾಟಕದ ದಿನ ಕೂತ್ರೆ ಸಾಕು ಟೀಚರ್. ಈಗಲೇ ಕೂರಿಸಿದ್ರೆ ಅಭ್ಯಾಸ ಆಗ್ತದೆ.”

ನಾಟಕದ ಶನಿವಾರ ಮಧ್ಯಾಹ್ನ ಫಾದರ್ ಬರಲಿಲ್ಲ. ರಸ್ತೆಯಲ್ಲಿ ಮಟಾಟು ವ್ಯಾನುಗಳ ನಡುವೆ ಸಿಕ್ಕಿಬಿದ್ದಿದ್ದರಂತೆ. ಕಾದು ಕಾದು ಶುರು ಮಾಡಿದೆವು. ನಾನು ಮೊದಲ ಅಂಕದಲ್ಲೇ ಸತ್ತು ಪಕ್ಕಕ್ಕೆ ಸರಿದೆ. ಕೊನೆಯ ದೃಶ್ಯದಲ್ಲಿ ಕಂದು ನಿಲುವಂಗಿಯ ಡೆಂಜಿಲ್ ಗಂಜಿಯ ಸೌಟು ಹಿಡಿದು ನಿಂತರು. ಮುಟಿಸೊ ಕುಂಟುತ್ತಾ ಬಂದ.

“ಕೇಟಿ, ಅಸ್ಕಾರಿ!” ಡೆಂಜಿಲ್ ಸೌಟಿನಿಂದ ಕುರ್ಚಿ ತೋರಿಸಿದರು. “ಹಿಕಿ ನಿ ಕಿಟಿ ಚಾಕೊ!”

ಒಂದಕ್ಷರ ತಪ್ಪಲಿಲ್ಲ. ಮುಟಿಸೊ ಕೂತ. ಉದ್ದಕ್ಕೆ ಉಸಿರು ಬಿಟ್ಟು ಎಡಗಾಲು ಚಾಚಿದ. ಚಪ್ಪಾಳೆಯೋ ಚಪ್ಪಾಳೆ. ಡೆಂಜಿಲ್ ಮೂರು ಸಲ ಬಾಗಿದರು. ಆಗಲೇ ಗೇಟಿನ ಹೊರಗೆ ಹಾರ್ನ್ ಆಯಿತು.

“ಫಾದರ್ ಬಂದ್ರು! ಸಿಮಾಮಾ, ಗೇಟು ತೆಗಿ!” ಡೆಂಜಿಲ್ ಕೊರಳಿನ ಮೈಕು ಇನ್ನೂ ಆನ್ ಇತ್ತು, ಇಡೀ ಲ್ಯಾವಿಂಗ್ಟನ್ನಿಗೆ ಕೇಳಿಸಿತು.

“ಸಿಸಿಮಾಮಿ,” ಎಂದ ಮುಟಿಸೊ.

“ಯಾವ ಮಾಮಿ?”

“ಏಳಲ್ಲ ಅಂತಿದ್ದಾನೆ ಸರ್,” ಎಂದಳು ಫ್ಲಾವಿಯಾ.

“ಅವನಿಗೆ ಸರಿಯಾದ ಸ್ವಾಹಿಲಿಯಲ್ಲಿ ಹೇಳಿ ಟೀಚರ್!”

“ಸರಿಯಾದ ಸ್ವಾಹಿಲಿಯಲ್ಲಿ ನೀವೇ ಹೇಳಿದ್ರಲ್ಲ, ಎಲ್ಲರೆದುರು. ಇದು ನಿನ್ನ ಕುರ್ಚಿ ಅಂತ.”

ಮುಟಿಸೊ ಫ್ಲಾವಿಯಾಳಿಗೆ ಮೆಲ್ಲಗೆ ಏನೋ ಹೇಳಿದ. ಅವಳು ಕನ್ನಡಿಸಿದಳು: “ಚೇರ್ಮನ್ ಹೇಳಿದ್ರೆ ಎದ್ದುಬಿಡ್ತಿದ್ನಂತೆ. ಕೂರಿಸಿದ್ದು ಸಂತರು. ಸಂತರ ಮಾತು ಮೀರಿದ್ರೆ ಪಾಪ ಅಂತೆ.”

“ವಿಜಿ! ನೀನು ಆ ಕುರ್ಚಿ ಎಳಿ ಮಾರಾಯ!”

“ನಾನು ಸತ್ತಿದ್ದೀನಿ ಸರ್,” ಎಂದೆ.

ಮತ್ತೆ ಹಾರ್ನ್. ಈ ಸಲ ಉದ್ದಕ್ಕೆ. ನಿಲುವಂಗಿಯೊಳಗೆ ಬೆವರುತ್ತಿದ್ದ ಡೆಂಜಿಲ್ ಬಗ್ಗಿ ಹಲ್ಲು ಕಚ್ಚಿ, “ಸಿಮಾಮಾ” ಎಂದರು. ಮೈಕು ಅದನ್ನೂ ಬಿಡಲಿಲ್ಲ.

ಮುಟಿಸೊ ಜೇಬಿನಿಂದ ಗೇಟಿನ ಬೀಗದ ಕೈ ತೆಗೆದು, ಕೂತಲ್ಲಿಂದಲೇ ಸಂತನ ಕಡೆ ಚಾಚಿದ.

“ಸಿಸಿಮಾಮಿ.”