ಅಕ್ಕಿ ಡ್ರಮ್ಮಿನ ಹಾಡುಗಳು

ಜುವೈರಿಯಾ ಅಕ್ಕಿ ಡ್ರಮ್ಮಿನ ತಳದವರೆಗೂ ಕೈ ಹಾಕಿ ತಡಕಾಡಿದಳು. ಸಿಕ್ಕಿದ್ದು ಒಂದು ಹಿಡಿ ನುಚ್ಚು ಮಾತ್ರ.

ಹೊರಗೆ ಚಾವಡಿಯಲ್ಲಿ ತೀರಿಕೊಂಡ ಅವಳ ತಂದೆ, ಉಪ್ಪ ಅಬ್ದುಲ್ ರಹ್ಮಾನರ ಮಯ್ಯತ್ ಇತ್ತು. ಮಧ್ಯಾಹ್ನದ ನಮಾಜಿಗೆ ಮಸೀದಿಗೆ ಒಯ್ಯಬೇಕು. ಉಪ್ಪಿನಂಗಡಿ ಪೇಟೆಯಿಂದ ಜನ ಬರುತ್ತಲೇ ಇದ್ದರು.

"ಉಮ್ಮಾ, ಅಕ್ಕಿ ಎಲ್ಲಿ?" ತಾಯಿಯನ್ನು ಕೇಳಿದಳು.

"ಬೆಳಿಗ್ಗೆ ಕುಂಞಿಪಾತುಮ್ಮ ತಕ್ಕೊಂಡು ಹೋದ್ಲಲ್ಲ. ಬಂದವರಿಗೆ ಗಂಜಿ ಆಗ್ಬೇಕು. ಇವತ್ತು ನಮ್ಮಲ್ಲಿ ಒಲೆ ಹಚ್ಚುದುಂಟಾ? ಅವಳಲ್ಲಿ ಅಕ್ಕಿ ಸಾಲ್ಲಿಲ್ಲ."

ಜುವೈರಿಯಾ ಹಿತ್ತಿಲು ದಾಟಿ ಪಕ್ಕದ ಮನೆಗೆ ಓಡಿದಳು.

*

ಒಂದು ಮಳೆಗಾಲ ಬೀರುವಿನಲ್ಲಿದ್ದ ಹಾರ್ಡ್‌ಡಿಸ್ಕಿಗೆ ಬೂಸ್ಟು ಹಿಡಿದು ಹಾಳಾಗಿತ್ತು. ಅಂದಿನಿಂದ ಮೊಬೈಲ್ ರಿಪೇರಿಯ ರಹ್ಮಾನರು, ಗಿರಾಕಿಗಳ ಒದ್ದೆ ಫೋನಿನಂತೆ ಡಿಸ್ಕುಗಳನ್ನೂ ಬಟ್ಟೆ ಸುತ್ತಿ ಅಕ್ಕಿಯಲ್ಲಿ ಹೂತಿಡುತ್ತಿದ್ದರು. ಅವುಗಳಲ್ಲಿದ್ದದ್ದು ಕಾಣಿಯೂರಿನಿಂದ ಜಾಲ್ಸೂರಿನವರೆಗೆ ಮನೆಮನೆಗೆ ಹೋಗಿ ವಿಡಿಯೋ ಮಾಡಿ ತುಂಬಿಸಿಕೊಂಡ, ಬ್ಯಾರಿ ಅಜ್ಜಿಯರು ಮದುವೆಯಲ್ಲಿ ಹೇಳುವ ಮದರಂಗಿ ಹಾಡುಗಳು. ಹಾಡಿದವರಲ್ಲಿ ಹೆಚ್ಚಿನವರು ಈಗಿಲ್ಲ.

"ಎರಡು ಪ್ರತಿ ಮಾಡಿ ಎರಡನ್ನೂ ಒಂದೇ ಡ್ರಮ್ಮಲ್ಲಿ ಇಡುದಾ ಮಾರಾಯ್ರೆ?" ಪುತ್ತೂರಿನ ಕಾಲೇಜಿನ ಶ್ರೀಶ ಮೇಷ್ಟ್ರು ತಲೆ ಚಚ್ಚಿಕೊಂಡಿದ್ದರು.

"ಒಂದೇ ಇದ್ರೆ ಅದಕ್ಕೆ ಬೇಜಾರಾಗುದಿಲ್ವಾ?" ಉಪ್ಪ ನಕ್ಕಿದ್ದರು.

ಮುಂದಿನ ವಾರ ಮೇಷ್ಟ್ರು ಒಂದನ್ನು ಕಾಲೇಜಿಗೆ ಒಯ್ಯುವುದೆಂದು ಮಾತಾಗಿತ್ತು.

*

"ಅಕ್ಕಿಯೊಳಗಿದ್ದ ಆ ಗಂಟಾ?" ಕುಂಞಿಪಾತುಮ್ಮ ಗಂಜಿ ತಿರುವುತ್ತಲೇ ಹೇಳಿದಳು. "ಯಾರದ್ದೋ ನೀರಿಗೆ ಬಿದ್ದ ಮೊಬೈಲು ಅಂತ ಒಲೆ ದಂಡೆಯಲ್ಲಿಟ್ಟೆ ಮೋಳೆ, ಮಗಳೇ. ಬೇಗ ಒಣಗ್ಲಿ. ಪಾಪ, ಆ ಮೊಬೈಲಿನವರು ಇನ್ನು ಯಾರ ಹತ್ರ ಕೇಳುದು?"

ಗಂಟು ಕೈ ಸುಡುತ್ತಿತ್ತು. ಬೆಂಕಿಯ ಕಡೆಗಿದ್ದ ಡಿಸ್ಕಿನ ಪ್ಲಾಸ್ಟಿಕ್ ಸೊಟ್ಟಗಾಗಿತ್ತು. ಜುವೈರಿಯಾ ಎರಡನ್ನೂ ಒಲೆಯಿಂದ ದೂರ ನೆಲದ ಮೇಲಿಟ್ಟಳು. ಅವಳ ಮುಖ ನೋಡಿದ ಮುದುಕಿ ಸೌಟು ಬಿಟ್ಟು, ಇನ್ನೊಂದು ಡಿಸ್ಕಿಗೆ ತಲೆಬಟ್ಟೆಯ ತುದಿಯಿಂದ ಗಾಳಿ ಹಾಕತೊಡಗಿದಳು, ಜ್ವರ ಬಂದ ಮಗುವಿಗೆ ಹಾಕುವಂತೆ.

ಮಯ್ಯತ್ ನೋಡಲು ಬಂದಿದ್ದ ಶ್ರೀಶ ಮೇಷ್ಟ್ರು ವಿಷಯ ತಿಳಿದು ಕಾರಿನಿಂದ ಲ್ಯಾಪ್‌ಟಾಪ್ ತಂದರು. "ಪೂರ್ತಿ ತಣೀಲಿ. ಅವಸರ ಮಾಡಿದ್ರೆ ಇದೂ ಹೋಗ್ತದೆ."

"ಜುವೈರಿಯಾ, ಎತ್ತುವ ಹೊತ್ತಾಯ್ತು!" ಆಚೆಯಿಂದ ಉಮ್ಮ ಕರೆದಳು. "ಕೊನೇ ಸಲ ಮುಖ ನೋಡ್ಲಿಕ್ಕೆ ಬಾ."

ಜುವೈರಿಯಾ ಹೊಸ್ತಿಲವರೆಗೆ ಹೋಗಿ ಮತ್ತೆ ತಿರುಗಿದಳು. ಅಷ್ಟರಲ್ಲಿ ತಣಿದಿದ್ದ ಡಿಸ್ಕಿಗೆ ಶ್ರೀಶ ವೈರು ಚುಚ್ಚಿದರು. ಡಿಸ್ಕು ಎರಡು ಸಲ ಕಟಕಟ ಎಂದು ಸುಮ್ಮನಾಯಿತು. ಆಮೇಲೆ ಸಣ್ಣ ದೀಪ ಹತ್ತಿತು.

"ಶಬ್ದ ಬೇಡ ಸರ್. ಉಪ್ಪ ಇನ್ನೂ ಚಾವಡಿಯಲ್ಲಿದ್ದಾರೆ."

ಪರದೆಯ ಮೇಲೆ ಚಾಪೆಯಲ್ಲಿ ಕುಳಿತ ಒಬ್ಬ ಅಜ್ಜಿ ಕಂಡಳು. "ನನ್ನ ಉಮ್ಮ," ಎಂದಳು ಕುಂಞಿಪಾತುಮ್ಮ. ತೀರಿಹೋದ ತಾಯಿಯ ಬಾಯಿ ಸದ್ದಿಲ್ಲದೆ ಹಾಡುತ್ತಿತ್ತು. ನೋಡನೋಡುತ್ತ ಮಗಳ ತುಟಿಗಳೂ ಅದೇ ಲಯದಲ್ಲಿ ಅಲುಗಿದವು.

ಹಾಡಿನ ನಡುವೆ ಅಜ್ಜಿಗೆ ಕೆಮ್ಮು ಬಂತು. ಹೊಸ್ತಿಲಿನಾಚೆ ಒಂದು ಕಾಲಿಟ್ಟಿದ್ದ ಜುವೈರಿಯಾ ಹಾಗೆಯೇ ನಿಂತಳು. ಪರದೆಯ ಅಂಚಿನಿಂದ, ನೀರಿನ ಲೋಟ ಹಿಡಿದ ಉಪ್ಪನ ಕೈ ಒಳಗೆ ಬಂತು. ಅಜ್ಜಿ ಕುಡಿದು ಮುಗಿಸುವವರೆಗೂ ಆ ಕೈ ಅಲ್ಲೇ ಕಾದಿತ್ತು.