ಚಿಗರಿಯ ಕೊರಳಲ್ಲಿ ಫಕೀರಪ್ಪನ ಕಾಲು

ನನ್ನೊಳಗೆ ಒಬ್ಬ ಮನುಷ್ಯನ ಕಾಲಿದೆ. ಮೊಣಕಾಲಿನಿಂದ ಪಾದದ ಗಿಣ್ಣಿನ ತನಕ ಎರಡು ಮೂಳೆಗಳು. ಅವುಗಳಲ್ಲಿ ದಪ್ಪನೆಯದು ನಡುವೆ ಮುರಿದು ಓರೆಯಾಗಿ ನಿಂತಿದೆ. ನಾನು ಒಂದು ಎಕ್ಸ್-ರೇ ಫಿಲ್ಮ್. ಕಾಗದದಷ್ಟು ಮೆತ್ತಗಿಲ್ಲ, ತಗಡಿನಷ್ಟು ಗಟ್ಟಿಯಿಲ್ಲ. ಸುಮ್ಮನಿರುವುದು ನನ್ನ ಜಾಯಮಾನದಲ್ಲೇ ಇಲ್ಲ. ಫ್ಯಾನು ತಿರುಗಿದರೂ ಸಾಕು, ಪಟಪಟ ಬಡಿದುಕೊಳ್ಳುತ್ತೇನೆ.

ಹುಟ್ಟಿದ್ದು ಗದಗಿನ ಒಂದು ದವಾಖಾನೆಯ ಕತ್ತಲೆ ಕೋಣೆಯಲ್ಲಿ. ಅದಕ್ಕೂ ಮುಂಚೆ ಡಬ್ಬಿಯೊಳಗೆ ಒಡಹುಟ್ಟಿದವರ ಜೊತೆ ಮೈಗೆ ಮೈ ಹಚ್ಚಿ ಬಿದ್ದುಕೊಂಡಿದ್ದೆ. ಅದನ್ನು ಬದುಕು ಎಂದು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಮಧ್ಯಾಹ್ನ ನನ್ನನ್ನು ಹೊರಗೆಳೆದು ಒಂದು ಕಾಲಿನ ಕೆಳಗೆ ತಳ್ಳಿದರು. ಆಮೇಲೆ ಘಾಟು ನೀರಿನಲ್ಲಿ ಅದ್ದಿದರು, ಇನ್ನೊಂದು ನೀರಿನಲ್ಲಿ ಅದ್ದಿದರು, ಕ್ಲಿಪ್ಪಿಗೆ ಸಿಕ್ಕಿಸಿ ಒಣಗಲು ಬಿಟ್ಟರು. ಬೆಳಕಿಗೆ ಬಂದಾಗ ಮೈತುಂಬ ಆ ಕಾಲೇ.

ಕಾಲಿನ ಧಣಿಯ ಹೆಸರು ಫಕೀರಪ್ಪ. ಬೆಟಗೇರಿಯಲ್ಲಿ ಅವನದೊಂದು ಹಿಟ್ಟಿನ ಗಿರಣಿ. ಜೋಳದ ಚೀಲ ಹೊತ್ತು ಮೆಟ್ಟಿಲು ಇಳಿಯುವಾಗ ಜಾರಿ ಬಿದ್ದಿದ್ದ. ಡಾಕ್ಟರು ನನ್ನನ್ನು ಬೆಳಕಿಗೆ ಹಿಡಿದು, "ಎಲುಬು ಮುರದೈತಿ. ಪ್ಲಾಸ್ಟರ್ ಹಾಕತೀನಿ. ನಾ ಬಿಚ್ಚೂ ತನಕ ಅದಕ್ಕ ಕೈ ಹಚ್ಚಬ್ಯಾಡ್ರಿ" ಎಂದರು. ಆ ಹೊತ್ತಿನಲ್ಲಿ ಕೋಣೆಯಲ್ಲಿದ್ದವರ ಕಣ್ಣೆಲ್ಲ ನನ್ನ ಮೇಲಿತ್ತು. ಅಷ್ಟು ಮರ್ಯಾದೆ ನನಗೆ ಮತ್ತೆ ಸಿಗಲಿಲ್ಲ, ಈಗಲೇ ಹೇಳಿಬಿಡುತ್ತೇನೆ.

ಗಿರಣಿಯ ಗೋಡೆಯಲ್ಲಿ, ಕ್ಯಾಲೆಂಡರಿನ ಪಕ್ಕದ ಮೊಳೆಗೆ ನನ್ನನ್ನು ಲಕೋಟೆಯ ಸಮೇತ ತೂಗುಹಾಕಿದರು. ಗಿರಣಿ ತಿರುಗಿದರೆ ಗೋಡೆ ನಡುಗುತ್ತದೆ, ಗೋಡೆ ನಡುಗಿದರೆ ನಾನು. ಫಕೀರಪ್ಪನ ಹೆಂಡತಿ ನೀಲವ್ವ ಸೆರಗು ಸಿಕ್ಕಿಸಿ ಗಿರಣಿಯ ಬಾಯಿಗೆ ಜೋಳ ಸುರಿಯತೊಡಗಿದಳು. ಫಕೀರಪ್ಪ ಹಿಂದಿನ ಕೋಣೆಯ ಮಂಚದ ಮೇಲೆ ಕಾಲು ಚಾಚಿ ಒಬ್ಬನೇ ಕೂತ. ಅವನೂ ನನ್ನಂಥವನೇ, ಒಂದು ಕಡೆ ನಿಂತವನಲ್ಲ. ಹಿಟ್ಟಿನ ಧೂಳು ಪ್ಲಾಸ್ಟರಿನೊಳಗೆ ಇಳಿದು ಬೆವರಿಗೆ ಅಂಟಿತು. ತುರಿಕೆ ಶುರುವಾಯಿತು. ಛತ್ರಿಯ ಕಡ್ಡಿ ತೂರಿಸಿ ಕೆರೆದುಕೊಂಡ. ಗೋಡೆಗೆ ಕಾಲು ಬಡಿದ. ದೇವರನ್ನು ಬೈದ, ಡಾಕ್ಟರನ್ನು ಬೈದ. ಕಡೆಗೊಂದು ದಿನ ಬಕೆಟ್ಟಿನ ನೀರಿನಲ್ಲಿ ಕಾಲು ನೆನೆಸಿ, ಗರಗಸದ ಅಲಗಿನಿಂದ ಪ್ಲಾಸ್ಟರು ಕೊಯ್ದು ಕಿತ್ತೆಸೆದ. ಮೂಳೆ ಇನ್ನೂ ಹಸಿಯಿತ್ತು. ಡೊಂಕಾಗಿಯೇ ಕೂಡಿಕೊಂಡಿತು.

ಅಲ್ಲಿಂದ ಅವನು ಕುಂಟುತ್ತಾನೆ. ಚೀಲ ಎತ್ತಲಾರ, ಬಹಳ ಹೊತ್ತು ನಿಲ್ಲಲಾರ. ಗಿರಣಿ ಪೂರ್ತಿ ನೀಲವ್ವನ ಕೈಗೆ ಬಂತು. ಅವಳು ಬೈಯಲಿಲ್ಲ. ಬೈದು ಮುಗಿಸಿದ್ದರೆ ಒಳ್ಳೆಯದಿತ್ತು ಎಂದು ನನಗೆ ಅನ್ನಿಸುತ್ತಿತ್ತು. ಚೀಲ ಎತ್ತುವಾಗಲೆಲ್ಲ ಅವಳು ಒಮ್ಮೆ ಅವನ ಕಾಲಿನ ಕಡೆ ನೋಡುತ್ತಿದ್ದಳು. ಅವನು ಬಾಗಿಲಿನ ಕಡೆ ನೋಡುತ್ತಿದ್ದ.

ನನ್ನನ್ನು ಎಲ್ಲರೂ ಮರೆತರು. ಒಮ್ಮೆ ಸೂರ್ಯಗ್ರಹಣ ಹಿಡಿದಾಗ ಮಾತ್ರ ನೆನಪಾದೆ. ಓಣಿಯ ಮಂದಿ ಒಬ್ಬರ ಕೈಯಿಂದ ಒಬ್ಬರು ಕಸಿದುಕೊಂಡು ನನ್ನ ಮೂಲಕ ಆಕಾಶ ನೋಡಿದರು. ಹಾಗೆ ನೋಡಿದರೆ ಕಣ್ಣು ಕೆಡುತ್ತದಂತೆ, ಆದರೆ ಕೇಳುವವರು ಯಾರು? "ಫಕೀರಪ್ಪನ ಕಾಲಾಗ ಸೂರ್ಯ ಸಿಕ್ಕೊಂಡಾನ ನೋಡ್ರೋ!" ಎಂದು ನಕ್ಕರು. ಫಕೀರಪ್ಪನೂ ನಕ್ಕ. ನೀಲವ್ವ ನಗಲಿಲ್ಲ. ಬೆರಳಿನ ಎಣ್ಣೆ ಹತ್ತಿಸಿಕೊಂಡು ನಾನು ಮತ್ತೆ ಮೊಳೆಗೆ ಬಂದೆ.

ಇನ್ನು ಚಿಗರಿಯ ಮಾತು. ಚಿಗರಿ ಬೀದಿನಾಯಿ. ಹುಲ್ಲೆಯಂತೆ ಸಣಕಲು ಕಾಲು, ಉದ್ದ ಮೂತಿ, ನಿಂತಲ್ಲಿ ನಿಲ್ಲದ ಓಟ. ಅದಕ್ಕೇ ಆ ಹೆಸರು. ಗಿರಣಿಯ ಕಟ್ಟೆಯ ಕೆಳಗೆ ಮಲಗಿ, ಕಸಬರಿಗೆಗೆ ಸಿಕ್ಕ ಹಿಟ್ಟು ನೆಕ್ಕಿ ಬೆಳೆದವಳು. ಒಂದು ಬೆಳಗ್ಗೆ ಜೋಳ ತಂದ ಟೆಂಪೊ ಹಿಂದೆ ಸರಿಯುವಾಗ ಅವಳ ಹಿಂಗಾಲಿನ ಚರ್ಮವನ್ನು ತೊಡೆಯಿಂದ ಕೆಳತನಕ ಸುಲಿದುಬಿಟ್ಟಿತು. ಗಂಡ ಹೆಂಡತಿ ಇಬ್ಬರೂ ಗಿರಣಿ ಬಂದ್ ಮಾಡಿ, ಅವಳನ್ನು ಗೋಣಿಚೀಲದಲ್ಲಿ ಸುತ್ತಿ ಆಟೊ ಹತ್ತಿದರು.

ದನದ ದವಾಖಾನೆಯಲ್ಲಿದ್ದವರು ಹೆಣ್ಣು ಡಾಕ್ಟರು, ಎಲ್ಲರೂ ಕರೆಯುವುದು ಡಾಕ್ಟರ್ ಬಾಯಿ ಎಂದು. ಅವರು ಗಾಯಕ್ಕೆ ಹೊಲಿಗೆ ಹಾಕಿದರು. ಆಮೇಲೆ, "ಇದರ ಬಾಯಿ ಗಾಯಕ್ಕ ಮುಟ್ಟಬಾರದು. ಕೊರಳಿಗೆ ಲಾಳಿಕಿಯಂಥಾ ಕೊಳವಿ ಹಾಕಬೇಕು, ನನ್ನ ಹತ್ರ ಮುಗದಾವು. ಮನ್ಯಾಗ ಹಳೇ ಎಕ್ಸ್-ರೇ ಏನಾರ ಐತೇನ್ರಿ?" ಎಂದು ಕೇಳಿದರಂತೆ. ನೀಲವ್ವ ಅದೇ ಆಟೊದಲ್ಲಿ ವಾಪಸು ಬಂದು ನನ್ನನ್ನು ಮೊಳೆಯಿಂದ ಕಿತ್ತಳು.

ಕತ್ತರಿ ಹಾಕಿಸಿಕೊಳ್ಳುವುದು ಸುಖದ ಮಾತಲ್ಲ. ಡಾಕ್ಟರ್ ಬಾಯಿ ನನ್ನನ್ನು ಅರ್ಧಚಂದ್ರದಂತೆ ಕತ್ತರಿಸಿದರು. ಫಕೀರಪ್ಪನ ಹೆಸರಿದ್ದ ಮೂಲೆ ಕಸದ ಬುಟ್ಟಿಗೆ ಬಿತ್ತು, ಕಾಲು ಮಾತ್ರ ಉಳಿಯಿತು. ಅಂಚಿಗೆ ಹತ್ತಿ ಇಟ್ಟು ಪಟ್ಟಿ ಅಂಟಿಸಿ, ತೂತು ಕೊರೆದು, ಬ್ಯಾಂಡೇಜಿನ ಬಟ್ಟೆ ಪೋಣಿಸಿ, ಚಿಗರಿಯ ಕೊರಳಿಗೆ ಸುತ್ತಿ ಕಟ್ಟಿದರು. ಮೂಳೆ ಮುರಿದ ಜಾಗ ಸರಿಯಾಗಿ ಅವಳ ಎಡಗಣ್ಣಿನ ಎದುರು ಬಂತು. ಡಾಕ್ಟರರ ಕೈಯಲ್ಲಿ ಮೆರೆದ ನಾನು ನಾಯಿಯ ಕೊರಳಿಗೆ ಬಿದ್ದೆ. ಸಿಟ್ಟು ಬಂತು, ಮುಚ್ಚಿಡುವುದಿಲ್ಲ.

ನನಗಿಂತ ಹೆಚ್ಚು ಸಿಟ್ಟು ಬಂದದ್ದು ಚಿಗರಿಗೆ. ನನ್ನಿಂದ ಬಿಡಿಸಿಕೊಳ್ಳಲು ಹಿಂದೆ ಹಿಂದೆ ನಡೆದಳು. ನಾನು ಬಿಡುತ್ತೇನೆಯೇ, ನಾನೂ ಹಿಂದೆ ನಡೆದೆ. ಬಾಗಿಲಿಗೆ ಬಡಿದಳು, ಚೀಲಕ್ಕೆ ಬಡಿದಳು, ಹಿಟ್ಟು ಬೀಸಿಸಲು ಬಂದ ಹೆಂಗಸರ ಡಬ್ಬಿಗಳನ್ನು ಉರುಳಿಸಿದಳು. ಅನ್ನದ ತಟ್ಟೆಗೆ ಬಾಯಿ ಹಾಕಿದರೆ ಬಾಯಿಗಿಂತ ಮೊದಲು ನನ್ನ ಅಂಚು ನೆಲಕ್ಕೆ ತಾಗುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದನ್ನು ನಾನು ಕಣ್ಣಾರೆ ಕಂಡೆ. ನೀಲವ್ವ ಇಟ್ಟಿಗೆಯ ಮೇಲೆ ತಟ್ಟೆ ಇಟ್ಟ ಮೇಲೆ ಅದೊಂದು ಸರಿಹೋಯಿತು. ತುರಿಕೆಗೆ ಮಾತ್ರ ಯಾವ ಇಟ್ಟಿಗೆಯೂ ಇರಲಿಲ್ಲ. ಹೊಲಿಗೆ ಬಿಗಿಯುತ್ತಿದ್ದಂತೆ ಅವಳು ಕಾಲಿನ ಕಡೆ ತಿರುಗಿ ತಿರುಗಿ ಗರಗರ ಸುತ್ತುತ್ತಿದ್ದಳು. ನಾಲಿಗೆ ನನ್ನ ಒಳಮೈಯನ್ನು ನೆಕ್ಕುತ್ತಿತ್ತು. ಅವಳ ಬಿಸಿ ಉಸಿರಿಗೆ ನನ್ನ ಮೈ ಮಸುಕಾಗುತ್ತಿತ್ತು.

ಫಕೀರಪ್ಪನಿಗೆ ಇದನ್ನು ನೋಡಲಾಗುತ್ತಿರಲಿಲ್ಲ. ಅವಳು ಸುತ್ತಿದರೆ ಅವನೂ ಕುಂಟುತ್ತ ಸುತ್ತುತ್ತಿದ್ದ.

"ನಾಯಿ ನಾಲಿಗ್ಯಾಗ ದವಾ ಇರತೈತಿ" ಎಂದ ಹೆಂಡತಿಗೆ. "ನೆಕ್ಕಿದ್ರ ಮಾಯತೈತಿ. ನಮ್ಮಪ್ಪನ ಕಾಲದಾಗ ನಾಯಿಗೆ ಇದನ್ನೆಲ್ಲ ಯಾರು ಕಟ್ಟತಿದ್ರು?"

"ಡಾಕ್ಟರ್ ಬಾಯಾರು ಅಷ್ಟು ಹೇಳಿ ಕಳಿಸ್ಯಾರ" ಎಂದಳು ನೀಲವ್ವ. "ನಿಮಗ ಡಾಕ್ಟರ್ ಮಾತು ಯಾವಾಗ ಕಿವಿಗೆ ಹೋಗೇತಿ ಬಿಡ್ರಿ."

ಬೀಸಿಸಲು ಬಂದವರಲ್ಲಿ ಅರ್ಧ ಮಂದಿ ಫಕೀರಪ್ಪನ ಕಡೆ. "ಪಾಪ, ಮೂಕ ಪ್ರಾಣಿ, ಬಿಚ್ಚಿಬಿಡ್ರಿ" ಎನ್ನುತ್ತಿದ್ದರು. ಮಾತಿಗೇನು, ಡಬ್ಬಿ ತುಂಬಿದ ಕೂಡಲೇ ಅವರು ಮನೆಗೆ ಹೋಗುತ್ತಿದ್ದರು.

ನನ್ನ ಅಂಚು ಸೀಳತೊಡಗಿತ್ತು. ಹೊಸದು ತರುತ್ತೇನೆ ಎಂದು ನೀಲವ್ವ ಒಂದು ಮಧ್ಯಾಹ್ನ ಪೇಟೆಗೆ ಹೊರಟಳು. "ಅದರ ಕಡೆ ಲಕ್ಷ್ಯ ಇರ್ಲಿ" ಎಂದಳು. "ನಾ ಇಲ್ಲೇ ಅದೀನಲ್ಲ, ಹೋಗು" ಎಂದ ಅವನು.

ಅವಳು ಗಿರಣಿಗೆ ಜೋಳ ಸುರಿದು ಹೋದ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಗಿರಣಿ ನಿಂತಿತು. ಆ ಮೌನದಲ್ಲಿ ಚಿಗರಿಯ ಕುಂಯ್‌ಗುಟ್ಟುವಿಕೆ ಒಂದೇ ಕೇಳುತ್ತಿತ್ತು. ಫಕೀರಪ್ಪ ಎದ್ದ, ಕೂತ, ಮತ್ತೆ ಎದ್ದ. ಕಡೆಗೆ ಅವಳ ಪಕ್ಕ ಕೂತು, "ಒಂದ ನಿಮಿಷ ನೋಡು. ನಿಮ್ಮವ್ವ ಬರೂದ್ರಾಗ ಮತ್ತ ಕಟ್ಟತೀನಿ" ಎಂದು ನನ್ನ ಗಂಟಿಗೆ ಕೈ ಹಾಕಿದ. ಅವಸರದಲ್ಲಿ ಎಳೆದ ರಭಸಕ್ಕೆ ನನ್ನ ಒಂದು ತೂತು ಹರಿದೇ ಹೋಯಿತು.

ನೆಲದ ಮೇಲೆ ಬಿದ್ದು ನಾನು ನೋಡಿದೆ. ಚಿಗರಿ ಕಾಲು ಮಡಚಿ ನೆಕ್ಕಿದಳು, ನೆಕ್ಕಿದಳು, ಕಣ್ಣು ಅರೆಮುಚ್ಚಿ ನೆಕ್ಕಿದಳು. ಅವಳಿಗೆ ಹಾಯೆನಿಸಿದ್ದು ಕಂಡು ಅವನ ಮುಖವೂ ಸಡಿಲವಾಯಿತು. ಗೋಡೆಗೊರಗಿದ. ಹಿಂದಿನ ರಾತ್ರಿಯೆಲ್ಲ ಅವಳ ಜೊತೆ ಎದ್ದಿದ್ದವನಿಗೆ ಕಣ್ಣು ಎಳೆಯಿತು. ನನಗೆ ಬಾಯಿದ್ದರೆ ಕೂಗುತ್ತಿದ್ದೆ. ಆ ದಿನ ಗಾಳಿಯೂ ಇರಲಿಲ್ಲ, ಪಟಪಟ ಬಡಿದುಕೊಳ್ಳಲು. ನಾಲಿಗೆಯ ಕೆಲಸ ಮುಗಿದು ಹಲ್ಲಿನ ಕೆಲಸ ಶುರುವಾಗಿತ್ತು. ಒಂದೊಂದೇ ಹೊಲಿಗೆಯನ್ನು ಅವಳು ಮುಂದಿನ ಹಲ್ಲಿನಲ್ಲಿ ಕಚ್ಚಿ ಎಳೆದಳು.

ಕರೆಂಟು ಬಂದು ಗಿರಣಿ ಗುಡುಗಿದಾಗಲೇ ಅವನಿಗೆ ಎಚ್ಚರ. ಪ್ಲಾಸ್ಟಿಕ್ಕಿನ ಹೊಸ ಕೊಳವೆ ಕಂಕುಳಲ್ಲಿಟ್ಟುಕೊಂಡು ನೀಲವ್ವ ಆಗಷ್ಟೇ ಬಾಗಿಲಿಗೆ ಬಂದಿದ್ದಳು. ನೆಲದ ಹಿಟ್ಟು ರಕ್ತದಲ್ಲಿ ಕಲಸಿಹೋಗಿತ್ತು.

ಡಾಕ್ಟರ್ ಬಾಯಿ ಆ ದಿನ ಸಿಟ್ಟಿನಲ್ಲೇ ಇದ್ದರು. "ನಾಯಿ ಬಾಯಾಗ ಔಷಧ ಇಲ್ರಿ ಯಜಮಾನ್ರ, ಹೊಲಸು ಐತಿ. ಈಗ ಹೊಲಿಯಾಕ ಚರ್ಮ ಉಳದಿಲ್ಲ, ತಾನಾಗೇ ಮಾಯಬೇಕು. ಇನ್ನೊಮ್ಮೆ ಹಿಂಗಾತಂದ್ರ ಕಾಲು ತಗೀಬೇಕಾಗತೈತಿ, ಹೇಳೀನಿ."

ಪೇಟೆಯ ಕೊಳವೆ ಮೈ ತುಂಬಿದ ಸಾಕುನಾಯಿಗಳ ಅಳತೆಯದು. ಚಿಗರಿಯ ಸಣ್ಣ ಕೊರಳಿಗೆ ನಿಲ್ಲದೆ ಜಾರಿ ಬಿತ್ತು. ನನಗೆ ಒಳಗೊಳಗೇ ಖುಷಿಯಾಯಿತು. ಹರಿದ ಕಡೆ ಪಟ್ಟಿ ಅಂಟಿಸಿ ಮತ್ತೆ ನನ್ನನ್ನೇ ಕಟ್ಟಿದರು. ಆದರೆ ನಾನು ಮೊದಲಿನಷ್ಟು ಗಟ್ಟಿಯಿರಲಿಲ್ಲ. ಅವಳು ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದರೆ ಮಡಚಿಕೊಳ್ಳುತ್ತಿದ್ದೆ, ಮೂತಿ ಹೊರಬರುತ್ತಿತ್ತು. ನನ್ನೊಬ್ಬನಿಂದ ಆ ಕಾಲು ಉಳಿಯುವುದಿಲ್ಲ ಎಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಾಗಿತ್ತು.

ಆ ಸಂಜೆ ನೀಲವ್ವ ಇಷ್ಟು ವರ್ಷ ನುಂಗಿಕೊಂಡದ್ದನ್ನು ಹೊರಹಾಕಿದಳು. "ನಿಮ್ಮ ಕಾಲು ನೀವ ಕೆಡಿಸಿಕೊಂಡ್ರಿ. ಈಗ ಆ ಮೂಕ ಪ್ರಾಣೀದೂ ಕೆಡಸ್ತೀರೇನು?"

ಫಕೀರಪ್ಪ ಬಗ್ಗಿ ನನ್ನ ಗಂಟು ಸರಿಯಿದೆಯೇ ಎಂದು ನೋಡಿದ.

ಮರುದಿನ ಬೆಳಗ್ಗೆ ಅವನು ಒಂದು ಗೋಣಿಚೀಲ ಎಳೆದು ತಂದು ಚಿಗರಿಯ ಪಕ್ಕ ಹಾಸಿ ಕೂತ. ನನ್ನ ಅಂಚು ಅವನ ಕೈಯಲ್ಲಿ. ಒಂದು ಕಡೆ ಕೂತವನೇ ಅಲ್ಲದ ಮನುಷ್ಯ, ಮೊಣಕಾಲು ಅಲ್ಲಾಡಿಸುತ್ತ, ಬೆರಳು ಮುರಿಯುತ್ತ, ನಿಟ್ಟುಸಿರು ಬಿಡುತ್ತ ಕೂತ. ಚಿಗರಿ ಎದ್ದರೆ ಎದ್ದ, ಸುತ್ತಿದರೆ ಸುತ್ತಿದ. ಅವಳು ಕಾಲಿನ ಕಡೆ ತಿರುಗಿದಾಗಲೆಲ್ಲ ನನ್ನನ್ನು ಮೆಲ್ಲಗೆ ಈಚೆಗೆ ತಿರುಗಿಸಿ, ಗಾಯದ ಸುತ್ತ, ಗಾಯಕ್ಕೆ ತಾಗದಂತೆ, ಅಂಗೈಯಿಂದ ತಟ್ಟುತ್ತಿದ್ದ. "ತುರಸತೈತಿ, ಹೌದಿಲ್ಲೋ? ನನಗ ಗೊತ್ತೈತಿ. ಕಾಲ ಕಡಿದು ಒಗೀಬೇಕು ಅನಿಸತೈತಿ. ತಡಿ, ತಡಿ" ಎನ್ನುತ್ತಿದ್ದ. ತಟ್ಟಿದಾಗ ಅವಳು ಸ್ವಲ್ಪ ಸುಮ್ಮನಾಗುತ್ತಿದ್ದಳು. ಕೈ ನಿಲ್ಲಿಸಿದರೆ ಮತ್ತೆ ಶುರು. ಹೀಗೆ ದಿನಗಳು ಹೋದವು. ಅವನ ಅಂಗೈ ಕೆಂಪಾಯಿತು, ನನ್ನ ಅಂಚು ಅವನ ಬೆವರಿಗೆ ಬೆಳ್ಳಗಾಯಿತು. ಗಾಯದ ಅಂಚಿನಲ್ಲಿ ತೆಳ್ಳನೆ ಗುಲಾಬಿ ಚರ್ಮ ಕಾಣಿಸಿತು. ಆಗಲೇ ತುರಿಕೆ ಇನ್ನೂ ಜೋರಾಯಿತು.

ಒಂದು ಮಧ್ಯಾಹ್ನ ಗಿರಣಿಯ ಮುಂದೆ ಡಬ್ಬಿಗಳ ಸಾಲಿತ್ತು. ನೀಲವ್ವ ಹಿಟ್ಟು ಮೆತ್ತಿದ ಮುಖ ಒರೆಸಿಕೊಳ್ಳುತ್ತ ಇವನ ಮುಂದೆ ಬಂದು ನಿಂತಳು. ಬಹಳ ಹೊತ್ತು ನೋಡಿದಳು.

"ನಿಮ್ಮ ಕಾಲಿಗೆ ಹಿಂಗ ಕುಂತಿದ್ರ ಇವತ್ತು ನೆಟ್ಟಗ ನಡೀತಿದ್ರಿ."

ಫಕೀರಪ್ಪ ತಟ್ಟುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಆವಾಗ ನನ್ನ ಬಾಜೂಕ ಕುಂಡ್ರಾಕ ಯಾರಿದ್ರು?" ಎಂದ. "ನೀ ಗಿರಣ್ಯಾಗ ಇದ್ದಿ."

"ಗಿರಣಿ ನಿಂತಿದ್ರ ಹೊಟ್ಟಿಗೇನು ತಿಂತಿದ್ವಿ?"

"ಹೌದು. ಅದಕ್ಕ ನಾ ಏನೂ ಅನಲಿಲ್ಲ."

ಅವನ ದನಿಯಲ್ಲಿ ಆರೋಪವಿರಲಿಲ್ಲ. ಬೀಸುವ ಕಲ್ಲಿನ ಸದ್ದಿನಲ್ಲಿ ಆ ಮಾತು ಅರ್ಧ ಮುಳುಗಿಯೂ ಹೋಯಿತು. ಆದರೆ ನೀಲವ್ವನಿಗೆ ಕೇಳಿಸಿತ್ತು. ಪ್ಲಾಸ್ಟರಿನ ಆ ದಿನಗಳಲ್ಲಿ ಮಂಚದ ಮೇಲೆ ಒಬ್ಬನೇ ಕೂತು ಗೋಡೆಗೆ ಕಾಲು ಬಡಿಯುತ್ತಿದ್ದವನ ಸದ್ದು ಗಿರಣಿಯ ಗದ್ದಲದಲ್ಲಿ ಅವಳಿಗೆ ಕೇಳಿರಲಿಲ್ಲ. ಅವಳಿಗೂ ಬೇರೆ ದಾರಿಯಿರಲಿಲ್ಲ. ಇಬ್ಬರದೂ ತಪ್ಪಿಲ್ಲದ ಒಂದು ನೋವು ಇಷ್ಟು ವರ್ಷ ಆ ಮನೆಯಲ್ಲಿ ಮಾಯದೆ ಉಳಿದಿತ್ತು. ಅದನ್ನು ನೋಡಿ ನನಗೆ ದುಃಖವಾಯಿತು.

ನೀಲವ್ವ ತಿರುಗಿ ಹೋಗಿ ಮೋಟಾರಿನ ಸ್ವಿಚ್ ಒತ್ತಿದಳು. ಗಿರಣಿ ನಿಂತಿತು. ಸಾಲಿನಲ್ಲಿದ್ದವರು, "ಯಾಕ್ರೀ ನೀಲವ್ವಾ, ಕರೆಂಟ್ ಐತೆಲ್ಲ?" ಎಂದರು.

"ಐತಿ. ಸ್ವಲ್ಪ ತಡೀರಿ" ಎಂದಳು. ಬಂದು ಚಿಗರಿಯ ಇನ್ನೊಂದು ಮಗ್ಗುಲಿಗೆ ಕೂತಳು. ನನ್ನ ಅಂಚನ್ನು ಗಂಡನ ಕೈಯಿಂದ ತೆಗೆದುಕೊಂಡು, "ನೀವು ಕಾಲು ಚಾಚ್ರಿ. ಬ್ಯಾನಿ ಆಗತಿರಬೇಕು" ಎಂದಳು. ಅವನು ಡೊಂಕು ಕಾಲನ್ನು ನೀಳವಾಗಿ ಚಾಚಿದ. ಒಂದು ಕೈಯಲ್ಲಿ ನನ್ನನ್ನು ಹಿಡಿದು, ಇನ್ನೊಂದು ಕೈಯಿಂದ ಅವಳು ಅದನ್ನು ನೀವಿದಳು. ಜೋಳದ ಡಬ್ಬಿಗಳು ಕಾದವು.

ಗಾಯ ಮಾಯಿತು. ಡಾಕ್ಟರ್ ಬಾಯಿ ಗಾಯದ ಜಾಗ ಒತ್ತಿ ನೋಡಿ, "ಇನ್ನ ಬಿಚ್ಚಬಹುದು" ಎಂದು ನನ್ನನ್ನು ಬಿಡಿಸಿದರು. ಚಿಗರಿ ಒಮ್ಮೆ ಮೈ ಕೊಡವಿ, ನೇರ ಆ ಕಾಲಿಗೇ ಬಾಯಿ ಹಾಕಿದಳು. ಫಕೀರಪ್ಪನ ಕೈ ತಾನಾಗಿ ಮುಂದೆ ಹೋಯಿತು. ನೀಲವ್ವ ಆ ಕೈಯನ್ನು ಹಿಡಿದುಕೊಂಡಳು. "ಬಿಡ್ರಿ. ಇನ್ನ ಅದರ ಕಾಲು ಅದರದು." ಚಿಗರಿ ಆಸೆ ತೀರುವಷ್ಟು ನೆಕ್ಕಿ, ಎದ್ದು, ನಾಲ್ಕೂ ಕಾಲಿನಲ್ಲಿ ರಸ್ತೆಗೆ ಓಡಿದಳು.

ನಾನೀಗ ಗಿರಣಿಯ ಮೂಲೆಯಲ್ಲಿ, ಹರಿದ ಚೀಲಗಳ ಮೇಲೆ ಇದ್ದೇನೆ. ಮೈತುಂಬ ಗೀರು, ಅಂಚಿಗೆ ಕಮಟು ವಾಸನೆ. ಇನ್ನೊಂದು ನಾಯಿಗೂ ಆಗಲಾರೆ, ಗ್ರಹಣಕ್ಕೂ ಆಗಲಾರೆ. ಗುಜರಿಯವನು ಬಂದಾಗಲೆಲ್ಲ ಪಟಪಟ ಎನ್ನದೆ ಬಿದ್ದಿರುತ್ತೇನೆ, ಇನ್ನೂ ಅವನ ಕಣ್ಣಿಗೆ ಬಿದ್ದಿಲ್ಲ. ಚಿಗರಿ ಹೊಟ್ಟೆ ಹಸಿದರೆ ಬರುತ್ತಾಳೆ, ಇಲ್ಲವಾದರೆ ಇಲ್ಲ. ನನ್ನನ್ನು ಕಂಡರೆ ಗುರ್ರೆನ್ನುತ್ತಾಳೆ. ಉಪಕಾರ ನೆನೆಯುವುದು ನಾಯಿಯ ಗುಣವೆನ್ನುತ್ತಾರೆ, ನನ್ನ ಪಾಲಿಗೆ ಅದೂ ಸುಳ್ಳಾಯಿತು.

ಮಧ್ಯಾಹ್ನ ಮಾತ್ರ ಒಂದು ಕೆಲಸ ತಪ್ಪುವುದಿಲ್ಲ. ನೀಲವ್ವ ಮೋಟಾರು ನಿಲ್ಲಿಸುತ್ತಾಳೆ. ಫಕೀರಪ್ಪ ಗೋಣಿಚೀಲ ಹಾಸುತ್ತಾನೆ. ಕಾಯಬೇಕಾದ ಗಾಯ ಅಲ್ಲಿಲ್ಲ, ನಾಯಿಯೂ ಇಲ್ಲ. ಆದರೂ ಇಬ್ಬರೂ ಸ್ವಲ್ಪ ಹೊತ್ತು ಕೂರುತ್ತಾರೆ.